ರಿಲೀವರ್ ಬರುವವರೆಗೆ

ಏಕಾಂತಪ್ಪನ ಮೇಲೆ ನನಗೆ ಹೊಟ್ಟೆಕಿಚ್ಚು ಹೊತ್ತಿಕೊಂಡ ದಿನ ಚೆನ್ನಾಗಿ ನೆನಪಿದೆ. ಅವತ್ತು ನಾನು ನಮ್ಮ ಪ್ರಿನ್ಸಿಪಾಲರ ಕೆಮ್ಮನ್ನು ಥೇಟ್ ಅವರ ಹಾಗೇ ಕೆಮ್ಮಿದೆ. ಯಾರೂ ನಗಲಿಲ್ಲ.

ಅದು ೨೦೦೭. ಶಿವಮೊಗ್ಗದ ಹೊಸಮನೆಯಲ್ಲಿ ತ್ರಿವಿಕ್ರಮಣ್ಣನ ಸೈಬರ್ ಕೆಫೆ. ಅಲ್ಲಿ ಕೂತು ನಾವು ಹನ್ನೊಂದು ಜನ ಒಂದು ಆನ್‌ಲೈನ್ ಆಟ ಆಡುತ್ತಿದ್ದೆವು. ನಮ್ಮದೊಂದು ಕೋಟೆ, ಕೋಟೆಗೊಂದು ಬಾಗಿಲು, ಹೊರಗೆ ಯಾವ್ಯಾವುದೋ ದೇಶದ ಶತ್ರುಗಳು. ಬಾಗಿಲಲ್ಲಿ ನಮ್ಮವರೊಬ್ಬರು ಸದಾ ನಿಂತಿರಬೇಕು. ಐದು ನಿಮಿಷ ಖಾಲಿ ಬಿಟ್ಟರೆ ಕೋಟೆ ಹೋಯಿತು. ತಂಡ ಕಟ್ಟಿದವನು ನಾನು, ಜ್ಞಾನೇಶ. ಹೆಸರಿನಲ್ಲಿ ಜ್ಞಾನವಿದ್ದರೂ ಬಿ.ಕಾಂ. ಮೂರನೇ ವರ್ಷವನ್ನು ಎರಡನೇ ಸಲ ಓದುತ್ತಿದ್ದೆ.

ಇಂಥ ಆಟ ಜನರಿಗೆ ಬೇಗ ಬೇಜಾರಾಗುತ್ತದೆ. ಎರಡು ಸಲ ಸೋತರೆ ಮೂರನೆಯ ದಿನ ಒಬ್ಬನಿಗೆ ತಲೆನೋವು, ಇನ್ನೊಬ್ಬಳಿಗೆ ಟೆಸ್ಟು. ಅವರನ್ನೆಲ್ಲ ಹಿಡಿದಿಟ್ಟಿದ್ದು ನನ್ನ ಗಂಟಲು. ಹೆಡ್‌ಫೋನಿನಲ್ಲಿ ‘ಭದ್ರಾವ್ತಿ ಭದ್ರಾವ್ತಿ ಭದ್ರಾವ್ತೀ, ಒಳಗ್ ಹೋಗ್ರೀ’ ಎಂದು ಕಂಡಕ್ಟರನಾಗುತ್ತಿದ್ದೆ. ತ್ರಿವಿಕ್ರಮಣ್ಣನ ಎದುರಿಗೇ ತ್ರಿವಿಕ್ರಮಣ್ಣನಾಗಿ, ‘ಟೈಮಾಯ್ತು, ಏಳ್ರಪ್ಪಾ, ಕುರ್ಚಿ ಏನ್ ನಿಮ್ ಮಾವ ಕೊಟ್ಟಿದ್ದಾ?’ ಎನ್ನುತ್ತಿದ್ದೆ. ನಮ್ಮ ತಂಡದ ರಶ್ಮಿ ನಕ್ಕೂ ನಕ್ಕೂ ಬಾಣ ಬಿಡುವುದನ್ನು ಮರೆತು ಆಟದಲ್ಲಿ ಸಾಯುತ್ತಿದ್ದಳು, ಮರುದಿನ ಮತ್ತೆ ಬರುತ್ತಿದ್ದಳು. “ನೀನಿಲ್ದಿದ್ರೆ ಈ ಆಟಕ್ಕೆ ಯಾರ್ ಬರ್ತಾರೋ ಜ್ಞಾನಿ?” ಎಂದು ಒಮ್ಮೆ ಹೇಳಿದ್ದಳು. ಪದವಿ ಸಿಗದವನಿಗೆ ಅದೇ ಪದವಿ.

ಆಮೇಲೆ ನಮ್ಮ ಸುನಿಲ್ ಏಕಾಂತಪ್ಪನನ್ನು ಸೇರಿಸಿದ. ಭದ್ರಾವತಿಯ ಕಾಗದನಗರದಲ್ಲಿ ಸುನಿಲನ ಪಕ್ಕದ ಕ್ವಾರ್ಟರ್ಸಿನವನು, ಕಾಗದದ ಕಾರ್ಖಾನೆಯಲ್ಲಿ ಮಿಷನ್ ಆಪರೇಟರ್, ವಯಸ್ಸು ನಲವತ್ಮೂರು. ಅಲ್ಲಿಯ ಸೈಬರಿನಿಂದ ಆಡುತ್ತಿದ್ದ. ಹೆಸರಿಗೆ ಏಕಾಂತ, ಆದರೆ ಬಂದ ವಾರದಲ್ಲೇ ಅವನ ಸುತ್ತ ಸಂತೆ.

ಅವನು ಮಾಡಿದ್ದಿಷ್ಟೇ: ಕಾರ್ಖಾನೆಯಲ್ಲಿದ್ದ ಹಾಗೆ ಕೋಟೆಗೂ ಒಂದು ಶಿಫ್ಟ್ ಚಾರ್ಟ್ ಬರೆದ. ಒಂಬತ್ತರಿಂದ ಒಂದು ಇಂಥವರು, ಒಂದರಿಂದ ಐದು ಇಂಥವರು. ಶಿಫ್ಟ್ ಬದಲಾಗುವಾಗ ಒಂದೆರಡು ಮಾತು. “ಬಂದ್ಯಾ ತಾಯಿ? ಎಡಗಡೆ ಬತೇರಿ ಹಿಂದೆ ಇಬ್ರು ಅಡಗಿದಾರೆ, ನೋಡ್ಕೋ. ಇನ್ಮೇಲೆ ಬಾಗ್ಲು ನಿಂದು.” ಒಂದು ಜೋಕಿಲ್ಲ, ಒಂದು ಕೆಮ್ಮಿಲ್ಲ. ಆದರೂ ತಲೆನೋವುಗಳೆಲ್ಲ ಮಾಯವಾದವು. ಹನ್ನೊಂದು ಜನ ಹತ್ತೊಂಬತ್ತಾದರು. ನಾನು ಕೆಮ್ಮಿದ ದಿನ ರಶ್ಮಿ ಅಂದಳು, “ಸುಮ್ನಿರೋ ಮಾರಾಯ, ಏಕಾಂತಣ್ಣ ಚಾರ್ಜ್ ಕೊಡ್ತಿದಾರೆ, ಕೇಳ್ಸಲ್ಲ.”

ಮನೆಗೆ ಹೋಗಿ ಕನ್ನಡಿಯ ಮುಂದೆ ಅವನನ್ನು ಅಣಕಿಸಲು ಕೂತೆ. ನನ್ನ ಜೀವಮಾನದಲ್ಲಿ ಮೊದಲ ಸಲ ಒಂದು ದನಿ ಸಿಗಲಿಲ್ಲ. ಹಿಡಿಯಲು ಅದರಲ್ಲಿ ಒಂದು ಕೊಂಕೂ ಇರಲಿಲ್ಲ.

ಭಾನುವಾರ ದೊಡ್ಡ ಮುತ್ತಿಗೆ. ಒಂಬತ್ತರಿಂದ ಒಂದು ಏಕಾಂತಪ್ಪ, ಒಂದರಿಂದ ಐದು ನಾನು. ಎರಡಕ್ಕೆ ಅವನಿಗೆ ಕಾರ್ಖಾನೆಯ ಸೆಕೆಂಡ್ ಶಿಫ್ಟು, ಎದ್ದು ಓಡಲೇಬೇಕು. ನಾನು ಬರುವ ಮುಂಚೆ ಅವನು ಎದ್ದು ಹೋದರೆ? ಕೋಟೆ ಬೀಳುತ್ತದೆ, ಅವನ ಹೆಸರಲ್ಲಿ ಬೀಳುತ್ತದೆ. ಚಾರ್ಟು ಹರಿದು ಜನ ನನ್ನ ಗಂಟಲಿಗೆ ವಾಪಸ್ ಬರುತ್ತಾರೆ.

ಒಂದಕ್ಕೆ ಹತ್ತು ನಿಮಿಷ ಇರುವಾಗ ಕಾಯಿನ್ ಬೂತಿನಿಂದ ಅವನ ಮೊಬೈಲಿಗೆ ಫೋನ್ ಮಾಡಿದೆ, ತ್ರಿವಿಕ್ರಮಣ್ಣನಾಗಿ.

“ಏಕಾಂತಪ್ನೋರಾ? ನಾನು, ಸೈಬರ್ ತ್ರಿವಿಕ್ರಮ. ನಿಮ್ ಜ್ಞಾನೇಶ ಬಂದು ಕೂತಿದಾನೆ, ನೀವ್ ಹೊರಡಿ. ಅವನ ಹೆಡ್‌ಫೋನ್ ಕೆಟ್ಟಿದೆ, ಅದಕ್ಕೇ ನಾನ್ ಹೇಳ್ತಿದೀನಿ.”

“ಸಂತೋಷ ಸಾರ್,” ಅಂದ. ಅಷ್ಟೇ.

ಮೊಬೈಲ್ ಆಫ್ ಮಾಡಿ ಮನೆಗೆ ಹೋಗಿ ಎರಡು ಸಲ ಬಡಿಸಿಕೊಂಡು ಉಂಡೆ. ಎರಡೂವರೆಗೆ ತಡೆಯಲಾಗಲಿಲ್ಲ. ಬಿದ್ದ ಕೋಟೆಯನ್ನು ಕಣ್ಣಾರೆ ನೋಡಬೇಕು ಎಂದು ಮುಖದಲ್ಲಿ ಸೂತಕ ಸಿದ್ಧಮಾಡಿಕೊಂಡು ಸೈಬರಿಗೆ ನಡೆದೆ.

ಪರದೆಯ ಮೇಲೆ ಕೋಟೆ ಕಲ್ಲಿನಂತೆ ನಿಂತಿತ್ತು. ಬಾಗಿಲಲ್ಲಿ ಏಕಾಂತಪ್ಪ.

“ಎಲ್ಲಿ ಹಾಳಾಗಿ ಹೋಗಿದ್ಯೋ?” ರಶ್ಮಿ ಮೈಮೇಲೆ ಬಿದ್ದಳು. “ನಾನೀಗ ಬಂದ್ರೆ ಅವ್ರಿನ್ನೂ ಅಲ್ಲೇ ಇದಾರೆ. ನಾನ್ ನಿಲ್ತೀನಿ ಅಂದ್ರೂ ಒಪ್ತಿಲ್ಲ. ‘ಚಾರ್ಟಲ್ಲಿ ಜ್ಞಾನೇಶನ ಹೆಸ್ರಿದೆ, ಅವ್ನು ಬರ್ತಾನೆ. ಬಂದಾಗ ಅವ್ನ ಜಾಗದಲ್ಲಿ ಬೇರೆಯವ್ರಿದ್ರೆ ಅವ್ನಿಗೆ ಅವಮಾನ’ ಅಂತಾರೆ.”

“ಅವರ ಡ್ಯೂಟಿ?”

“ಅಲ್ಲಿ ಕೃಷ್ಣಪ್ಪ ಅಂತ ಇದಾರಂತೆ. ಬೆಳಿಗ್ಗೆ ಆರರಿಂದ ಮಿಷನ್ ಮುಂದೆ. ಇವ್ರು ಹೋಗೋವರ್ಗೂ ಅವ್ರೂ ಬಿಡಲ್ವಂತೆ. ಫೋನ್ ಮಾಡಿದ್ರೆ ‘ನಿಧಾನಕ್ಕೆ ಬಾ’ ಅಂದ್ರಂತೆ.”

ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಅದಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನಾನು ಒಂದು ಗಂಟೆ ತಡ ಮಾಡಿದರೆ ನನಗಾಗಿ ನಿಲ್ಲುವ ಒಬ್ಬ ಕೃಷ್ಣಪ್ಪ ಈ ಶಿವಮೊಗ್ಗದಲ್ಲಿ ಎಲ್ಲಿದ್ದಾನೆ?

ಕೌಂಟರಿನಲ್ಲಿದ್ದ ತ್ರಿವಿಕ್ರಮಣ್ಣ ತಲೆಯೆತ್ತಿದ. “ಒಂದು ಗಂಟೆಗೆ ನಾನು ಅವರಿಗೆ ಫೋನ್ ಮಾಡಿದ್ನಂತೆ ಕಣೋ,” ಎಂದು ನನ್ನನ್ನೇ ನೋಡಿದ. ಹೆಡ್‌ಫೋನ್ ನನ್ನ ಕಡೆ ತಳ್ಳಿದ.

ಹಾಕಿಕೊಂಡೆ.

“ಯಾರು?”

ಗಂಟಲಲ್ಲಿ ಕಂಡಕ್ಟರ್, ಪ್ರಿನ್ಸಿಪಾಲ್ ಎಲ್ಲ ಇದ್ದರು. ಯಾರೂ ಸಹಾಯಕ್ಕೆ ಬರಲಿಲ್ಲ. “ನಾನು... ಜ್ಞಾನೇಶ.”

“ಹುಷಾರಿದೀಯೇನೋ?”

“ಹೊಟ್ಟೆ ಉರಿ, ಏಕಾಂತಣ್ಣ.” ಸುಳ್ಳೇನಲ್ಲ.

“ಮಜ್ಜಿಗೆ ಕುಡಿ ಮಾರಾಯ. ನೀನು ಬಂದಿದೀಯ ಅಂತ ಫೋನೇನೋ ಬಂತು. ಆದ್ರೆ ಮುಂದಿನ ಶಿಫ್ಟಿನ ರಿಲೀವರ್ ತನ್ನ ಬಾಯಲ್ಲೇ ‘ತಗೊಂಡೆ’ ಅನ್ನೋವರ್ಗೂ ನಾವು ಮಿಷನ್ ಬಿಡಲ್ಲ. ಬಲಗಡೆ ನಾಲ್ಕು ಜನ ಇದಾರೆ, ನೋಡ್ಕೋ. ತಗೊಂಡ್ಯಾ?”

“ತಗೊಂಡೆ.”

ಅವನು ಹೊರಟುಹೋದ. ನಾನು ಬಾಗಿಲಲ್ಲಿ ನಿಂತೆ.

ಐದಕ್ಕೆ ಸುನಿಲ್ ಬರಬೇಕಿತ್ತು, ಬರಲಿಲ್ಲ. ಐದೂಕಾಲಾಯಿತು. ಎರಡು ಸಲ ಉಂಡವನು ಮೇಲಿಂದ ಮೂರು ಲೋಟ ಮಜ್ಜಿಗೆ ಕುಡಿದಿದ್ದೆ; ಕುರ್ಚಿಯಲ್ಲಿ ಕಾಲು ಹೆಣೆದುಕೊಂಡು ಹಾವಿನ ಹಾಗೆ ಸುತ್ತುತ್ತಿದ್ದೆ.

“ಹೋಗ್ಬಾರೋ, ನಾನ್ ನೋಡ್ಕೋತೀನಿ,” ಅಂದಳು ರಶ್ಮಿ.

“ಬೇಡ. ಚಾರ್ಟಲ್ಲಿ ಸುನಿಲನ ಹೆಸ್ರಿದೆ, ಅವ್ನು ಬರ್ತಾನೆ.”

ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ಪಕ್ಕನೆ ನಕ್ಕಳು. “ಅಯ್ಯೋ, ಏಕಾಂತಣ್ಣನ್ನ ಎಷ್ಟ್ ಚೆನ್ನಾಗ್ ಮಾಡ್ತೀಯೋ!”

ಬಹಳ ದಿನಗಳ ಮೇಲೆ ನನಗೆ ಸಿಕ್ಕ ಮೊದಲ ನಗು. ಅದೂ ಅವನ ಹೆಸರಿಗೇ ಹೋಯಿತು.