ಹೂವಿನ ಪುಡಿಗೆ ಹೊಗೆ ಸೇರಿದಾಗ

ಮಳೆ ನಿಂತು ನಾಲ್ಕು ದಿನ ಬಿಸಿಲು ಬಂದ್ರೆ ಸಾಕು, ರಂಜಿನಿಗೆ ಸೀನು ಶುರು. ಶ್ರೀಗಂಧದ ಕಾವಲ್ ಬಡಾವಣೆಯಲ್ಲಿ ಅವರ ಮನೆ ಪಕ್ಕ ಒಂದು ಖಾಲಿ ಸೈಟು. ಅದರ ತುಂಬಾ ಪಾರ್ಥೇನಿಯಂ. ನಾವು ಕಾಂಗ್ರೆಸ್ ಗಿಡ ಅಂತೀವಲ್ಲ, ಅದೇ. ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಟ್ಟಿತ್ತು. ಆಚೆ ಮಾಗಡಿ ರಸ್ತೆಯಲ್ಲಿ ಲಾರಿ, ಬಸ್ಸುಗಳ ಹೊಗೆ. ನಾಲ್ಕನೇ ಕ್ಲಾಸಿನ ಮಗಳು ಬಾಯಿಬಿಟ್ಟು ಉಸಿರಾಡ್ತಾ ಮಲಗೋದನ್ನ ನೋಡಿ ಅಪ್ಪ ಮುತ್ತುರಾಜ ಪಕ್ಕದಲ್ಲೇ ಎದ್ದು ಕೂರ್ತಿದ್ದ.

"ಒಮ್ಮೆ ಡಾಕ್ಟರಿಗೆ ತೋರ್ಸು ತಮ್ಮಾ. ನನಗೂ ಹಿಂಗ ಇತ್ತು. ಈಗ ಇನ್ಹೇಲರ್ ಪಂಪ್ ತಗೊಂಡು ಆರಾಮ ಅದೀನಿ" ಅಂದ್ರು ಎದುರು ಮನೆ ದಾನಮ್ಮ. ಅವರು ಬಾಗಲಕೋಟೆ ಕಡೆಯವರು. ಈ ಊರಿಗೆ ಬಂದಮೇಲೆ ದಮ್ಮು ಅಂಟಿಕೊಂಡಿತ್ತು.

"ಅಯ್ಯೋ ಬೇಡಕ್ಕಾ, ಪಂಪ್ ಒಂದ್ಸಲ ಹಿಡಿದ್ರೆ ಬಿಡಲ್ವಂತೆ. ಹೆಣ್ಮಗು ಬೇರೆ. ಆ ಹಾಳು ಗಿಡ ಹೋದ್ರೆ ಎಲ್ಲಾ ಸರಿಹೋಗುತ್ತೆ ಬಿಡಿ" ಅಂದ ಮುತ್ತುರಾಜ.

ಭಾನುವಾರ ಲೇತ್ ವರ್ಕ್‌ಶಾಪಿಗೆ ರಜ. ಮುತ್ತುರಾಜ ಮಚ್ಚು ಹಿಡಿದು ಸೈಟಿಗೆ ಇಳಿದ. ಗಿಡ ಕಡಿದು ರಾಶಿ ಹಾಕ್ದ. ಅಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಕವರುಗಳನ್ನೂ ಸೇರಿಸಿ ಬೆಂಕಿ ಇಟ್ಟ.

"ಇವತ್ತಿಂದ ನಿನ್ ಸೀನು ಮಾಯ ಕಣೇ ಕಂದಾ!" ಅಂತ ಕೂಗಿದ. ರಂಜಿನಿ ಕಿಟಕಿ ತೆಗೆದು ಅಪ್ಪನಿಗೆ ಕೈ ಬೀಸಿದಳು.

ಗಾಳಿ ತಿರುಗಿತು. ದಟ್ಟ ಹೊಗೆ ಮನೆ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೇ ಮಗುವಿನ ಎದೆ ಸಿಳ್ಳೆ ಹಾಕ್ತಾ ಇತ್ತು. "ಅಪ್ಪಾ" ಅನ್ನೋಕೂ ಉಸಿರು ಸಾಲಲಿಲ್ಲ. ಓಡಿಬಂದ ದಾನಮ್ಮ ಅವಳನ್ನ ಎತ್ತಿಕೊಂಡು, "ಆಟೋ ಹಿಡಿ ತಮ್ಮಾ, ಲಗೂನ!" ಅಂದ್ರು.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಔಷಧಿ ಕೊಟ್ಟಮೇಲೆ ಮಗುವಿನ ಎದೆ ಹಗುರಾಯ್ತು. ಡಾಕ್ಟರಮ್ಮ ಮುತ್ತುರಾಜನನ್ನ ಪಕ್ಕದಲ್ಲಿ ಕೂರಿಸಿಕೊಂಡರು.

"ಹೂವಿನ ಪುಡಿ, ಅಂದ್ರೆ ಪರಾಗ, ಇವಳಿಗೆ ಆಗಲ್ಲ. ಅಲರ್ಜಿ. ಅದಕ್ಕೆ ಹೊಗೆ ಸೇರಿದ್ರೆ ಇನ್ನೂ ಕಷ್ಟ. ಹೊಗೆಯಿಂದ ಮೂಗು, ಶ್ವಾಸನಾಳ ಒಳಗೆಲ್ಲ ಕೆಂಪಾಗಿ ಊದಿರುತ್ತೆ. ಆಗ ಚೂರು ಪುಡಿ ತಾಗಿದ್ರೂ ತಡೆಯಲ್ಲ. ಕೆಟ್ಟ ಗಾಳಿಯಲ್ಲಿ ಆ ಪುಡಿ ಒಡೆದು ಇನ್ನೂ ಸಣ್ಣದಾಗಿ ಎದೆಯ ಆಳಕ್ಕೂ ಇಳೀಬಹುದು."

"ನಾನೇ ನನ್ ಮಗಳಿಗೆ..." ಮುತ್ತುರಾಜ ಮಗಳ ಕಡೆ ತಿರುಗಿದ.

ದಾನಮ್ಮ ಅವನ ಬೆನ್ನ ಮೇಲೆ ಕೈ ಇಟ್ಟರು. "ಪ್ರೀತಿಲೇ ಮಾಡೀದಿ ತಮ್ಮಾ. ಗೊತ್ತಿರಲಿಲ್ಲ, ಅಷ್ಟ."

ಡಾಕ್ಟರಮ್ಮ ಪಂಪ್ ಬರೆದುಕೊಟ್ಟಾಗ ಮುತ್ತುರಾಜ ಕೇಳಿದ, "ಇದು ಚಟ ಆಗಲ್ವಾ ಮೇಡಂ?"

"ಆಗಲ್ಲಪ್ಪಾ. ಔಷಧಿ ನೇರ ಎದೆಗೇ ಹೋಗುತ್ತೆ, ಹಾಗಾಗಿ ಸ್ವಲ್ಪವೇ ಸಾಕು. ನಾವು ಹೇಳೋವರೆಗೂ ನಿಲ್ಲಿಸ್ಬೇಡಿ."

ಮುಂದಿನ ಮಳೆಗೆ ಗಿಡ ಮತ್ತೆ ಚಿಗುರಿತು. ಹೂ ಬಿಡೋ ಮುಂಚೆಯೇ ಮುತ್ತುರಾಜ ಬೀದಿಯವರನ್ನ ಸೇರಿಸಿದ. ಕೈಗೆ ಗ್ಲೌಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇರು ಸಮೇತ ಕಿತ್ತು, ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿದ್ರು. ಯಾರೋ ಬೆಂಕಿಪೊಟ್ಟಣ ತೆಗೆದ್ರು. "ಬೇಡ ಗುರು, ಮನೇಲಿ ಮಗು ಇದೆ" ಅಂದ ಮುತ್ತುರಾಜ.

ಪಂಪ್ ತಪ್ಪಿಸದೆ ತಗೊಂಡ ರಂಜಿನಿ ಆ ವರ್ಷ ಸ್ಕೂಲ್ ಡೇಯಲ್ಲಿ ಒಂದು ಹಾಡನ್ನ ಪೂರ್ತಿ ಹಾಡಿದಳು. ಮುತ್ತುರಾಜ ಮಾತ್ರ ಸಾಲು ಸಾಲಿನ ನಡುವೆ ಮಗಳು ಸರಾಗವಾಗಿ ಉಸಿರೆಳೆಯೋದನ್ನೇ ಕೇಳ್ತಾ ಕೂತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನೆ ಮಗು ಪದೇ ಪದೇ ಸೀನ್ತಾ ಇದ್ರೆ, ಎದೆ ಸಿಳ್ಳೆ ಹಾಕ್ತಿದ್ರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ನಿಮ್ಮ ಗಾಡಿಯ ಹೊಗೆ ಟೆಸ್ಟ್ ಮಾಡಿಸಿ. ಕಸಕ್ಕೆ, ಒಣಗಿದ ಎಲೆಗೆ ಬೆಂಕಿ ಹಚ್ಚಬೇಡಿ. ಪಕ್ಕದ ಮನೇಲಿ ಯಾರು ಉಸಿರಿಗೆ ಕಷ್ಟಪಡ್ತಾ ಮಲಗಿದ್ದಾರೋ, ಕಡ್ಡಿ ಗೀರೋ ಮೊದಲು ಒಂದ್ಸಲ ನೆನೆಸಿಕೊಳ್ಳಿ.