ತಣ್ಣಗಾದ ಅಂಟು

ಗುರಾಣಿ ಒಡೆದದ್ದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಶ್ಚೆಚಿನ್ ನಗರದ ಒಂದು ಹಳೆಯ ವ್ಯಾಯಾಮಶಾಲೆಯಲ್ಲಿ. ದೊಬ್ರೊಖ್ನಾಳ ಕತ್ತಿ ಮೇಲಂಚಿಗೆ ಬಿತ್ತು, ಹಲಗೆ ಉದ್ದಕ್ಕೂ ಸೀಳಿತು, ಗುರಾಣಿ ಹಿಡಿದಿದ್ದ ಹೂಬರ್ಟ್‌ನ ಮುಂಗೈಯನ್ನು ಮೂಳೆಯವರೆಗೆ ಕತ್ತರಿಸಿತು. ಹೂಬರ್ಟ್ ಹಡಗುಕಟ್ಟೆಯಲ್ಲಿ ವೆಲ್ಡರ್. ಎಡಗೈಯ ಮೂರು ಬೆರಳು ಇನ್ನು ಮಡಚುವುದು ಅನುಮಾನ ಎಂದು ವೈದ್ಯರು ಹೇಳಿದ್ದರು.

ಅಲ್ಲಿ ಸೇರುವುದು ಸಾವಿರ ವರ್ಷದ ಹಿಂದಿನ ಕತ್ತಿವರಸೆ ಕಲಿಯುವ ಕೂಟ. ತಿಂಗಳಿಗೊಮ್ಮೆ ಹರಿತವಾದ ಕತ್ತಿಯಲ್ಲಿ ಅಭ್ಯಾಸ. ಅಂದು ಅರ್ಧ ಬಲಕ್ಕಿಂತ ಹೆಚ್ಚು ಬೀಸಬಾರದು. ಅರ್ಧ ಬಲದ ಏಟಿಗೆ ಗುರಾಣಿ ಸೀಳುವುದಿಲ್ಲವಾದ್ದರಿಂದ ತಪ್ಪು ದೊಬ್ರೊಖ್ನಾಳದೇ ಎಂದು ಎಲ್ಲರೂ ತೀರ್ಮಾನಿಸಿದ್ದರು. ಅವಳನ್ನು ಹೊರಹಾಕಲು ಮಂಗಳವಾರ ಸಂಜೆ ಸಭೆ ಕರೆದಿದ್ದರು.

ಗುರಾಣಿ ಮಾಡಿದ ರೆಮಿಗಿಯುಶ್ ನಿವೃತ್ತ ಬಡಗಿ. ಈಗಿನವರಂತೆ ಗುರಾಣಿಗೆ ಪ್ಲೈವುಡ್ ಬಳಸದವನು. ಅಗೆತದಲ್ಲಿ ಸಿಕ್ಕ ಗುರಾಣಿಗಳ ಅಳತೆಯಂತೆ ಏಳು ಪಾಪ್ಲರ್ ಹಲಗೆ, ನಡುವೆ ಎಂಟು ಮಿಲಿಮೀಟರ್ ದಪ್ಪ, ಅಂಚಿಗೆ ಐದು. ಇಷ್ಟು ತೆಳುವಾದ ಮರ ಏಟು ತಾಳುವುದು ಮೇಲೆ ಅಂಟಿಸಿದ ಹಸಿಚರ್ಮದ ಬಲದಿಂದ. ಮರ ಬಿರಿದರೂ ಚರ್ಮ ಹಿಡಿದಿಡುತ್ತದೆ.

ಚೂರುಗಳನ್ನು ಅವನು ಶನಿವಾರವೇ ಆಲೂಗಡ್ಡೆ ಚೀಲದಲ್ಲಿ ಮನೆಗೆ ಒಯ್ದಿದ್ದ. ಅಂಚಿನ ಹೊಲಿಗೆ ಬಿಚ್ಚಿ ಚರ್ಮ ಎಳೆದ. ಒಂದೇ ಎಳೆತಕ್ಕೆ ಪೂರ್ತಿ ಕಿತ್ತುಬಂತು. ಚೀಲ ಕಟ್ಟಿಟ್ಟ. ಯಾರಿಗೂ ಹೇಳಲಿಲ್ಲ.

ಸಭೆಯಲ್ಲಿ ಒಂಬತ್ತು ಜನರಿದ್ದರು. ಕತ್ತಿವರಸೆ ಕಲಿಸುವ ಲೆಖೊಸ್ವಾವ್ ಶುರುಮಾಡಿದ.

“ಅರ್ಧ ಬಲ ಅಂದ್ರೆ ನಿನ್ನ ಲೆಕ್ಕದಲ್ಲಿ ಎಷ್ಟಮ್ಮ? ದಿನಾ ಟ್ರಾಂ ಓಡಿಸ್ತೀಯ, ಬ್ರೇಕ್ ಎಲ್ಲಿದೆ ಅಂತ ಗೊತ್ತಿರ್ಬೇಕಲ್ಲ.”

ಇಬ್ಬರು ನಕ್ಕರು.

“ಅರ್ಧಾನೇ ಹೊಡೆದಿದ್ದು,” ಎಂದಳು ದೊಬ್ರೊಖ್ನಾ. “ಹಂಗಂದ್ಕೊಂಡಿದ್ದೆ. ಈಗ ನಂಗೇ ಗೊತ್ತಾಗ್ತಿಲ್ಲ.”

“ಗೊತ್ತಾಗ್ಲಿಲ್ಲ ಅಂತ ಹೂಬರ್ಟ್‌ಗೆ ಹೇಳು. ಅವನು ಬೆರಳು ಮಡಚಿ ಲೆಕ್ಕ ಹಾಕ್ಕೊಳ್ಲಿ.”

ಈ ಸಲ ಯಾರೂ ನಗಲಿಲ್ಲ. ರೆಮಿಗಿಯುಶ್ ಎದ್ದು ಚೀಲ ಬಿಚ್ಚಿ ಚರ್ಮವನ್ನು ಮೇಜಿನ ಮೇಲೆ ಮಗುಚಿ ಹಾಸಿದ.

“ಅವಳು ಅರ್ಧಾನೇ ಹೊಡೆದಿದ್ದು. ನೋಡಿ, ಹಿಂಭಾಗ ಹೊಳೀತಿದೆ. ಅಂಟು ಕಚ್ಚಿದ್ದಿದ್ರೆ ಮರದ ನಾರು ಕಿತ್ಕೊಂಡು ಬರ್ತಿತ್ತು. ಒಂದೂ ಬಂದಿಲ್ಲ.”

“ಅಂದ್ರೆ?” ಎಂದ ಲೆಖೊಸ್ವಾವ್.

“ತೊಗಲು ಕುದಿಸಿ ಮಾಡಿದ ಅಂಟಿದು, ಬಿಸಿ ಇರೋವಾಗ್ಲೇ ಚರ್ಮ ಕೂರಿಸ್ಬೇಕು. ಅದಕ್ಕೆ ಮೊದ್ಲು ಹಲಗೆ ಬೆಚ್ಚಗೆ ಮಾಡ್ಕೋಬೇಕು. ತೆಳು ಹಲಗೆ, ಸೊಟ್ಟಗಾಗುತ್ತೆ ಅಂತ ನಾನು ಒಲೆ ಹತ್ರ ಇಡ್ಲಿಲ್ಲ. ಶೆಡ್‌ನಲ್ಲಿ ಫೆಬ್ರವರಿ ಚಳಿ. ಸವರ್ತಿದ್ದ ಹಾಗೇ ಅಂಟು ಗಟ್ಟಿಯಾಯ್ತು. ಅಂಚಿನ ಹೊಲಿಗೆ ಹಿಡ್ಕೊಂಡಿತ್ತು ಅಷ್ಟೆ. ಹೊರಗಿಂದ ಕಾಣ್ತಿರ್ಲಿಲ್ಲ.”

ಲೆಖೊಸ್ವಾವ್ ಚರ್ಮದ ಮೇಲೆ ಬೆರಳಾಡಿಸಿದ. “ಹೋಗ್ಲಿ ಬಿಡಿ ಯಜಮಾನ್ರೆ. ಆಗಿನ ಕಾಲದೋರಿಗೂ ಹಿಂಗಾಗಿರುತ್ತೆ.”

“ಅವ್ರಿಗೆ ಪ್ಲೈವುಡ್ ಇರ್ಲಿಲ್ಲ, ನಮಗಿತ್ತು,” ಎಂದಳು ದೊಬ್ರೊಖ್ನಾ. ಅವಳು ರೆಮಿಗಿಯುಶ್‌ನನ್ನೇ ನೋಡುತ್ತಿದ್ದಳು. “ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಶನಿವಾರ ಸಂಜೆ.”

“ಇವತ್ತು ಮಂಗಳವಾರ.”

“ಹೌದು.”

“ಭಾನುವಾರ ನಾನು ಹೂಬರ್ಟ್ ಮನೆಗೆ ಹೋಗಿದ್ದೆ. ತಪ್ಪು ನಂದೇ ಅಂತ ಅವನ ಹೆಂಡ್ತಿಗೆ ಹೇಳ್ದೆ. ಬಾಗಿಲಲ್ಲೇ ನಿಲ್ಲಿಸಿ ಬೈದ್ಲು. ನಾಲ್ಕು ವರ್ಷದ ಮಗು ಮುಂದೆ. ನಿನ್ನೆ ಟ್ರಾಂ ಹತ್ತಿದೆ, ಓಡಿಸೋ ಧೈರ್ಯ ಬರ್ಲಿಲ್ಲ, ಇಳಿದುಬಿಟ್ಟೆ.”

ಅವಳನ್ನು ಹೊರಹಾಕುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ನಿರ್ಣಯ ಬರೆದಿಟ್ಟಿದ್ದ ಹಾಳೆಯನ್ನು ಲೆಖೊಸ್ವಾವ್ ಮಡಚಿ ಜೇಬಿಗಿಟ್ಟುಕೊಂಡ. ಅವಳು ಕೋಟು ಹಾಕಿಕೊಂಡಳು.

“ಹೂಬರ್ಟ್ ಹೆಂಡ್ತಿಗೆ ಈಗ ನೀವೇ ಹೇಳಿ.”

“ಜೊತೆಗೆ ಬರ್ತೀಯಾ?”

“ಇಲ್ಲ.”

ಅವನು ಚರ್ಮ ಸುತ್ತಿ ಚೀಲಕ್ಕೆ ತುಂಬಿ ಹೆಗಲಿಗೇರಿಸಿದ. ಬಾಗಿಲ ಬಳಿ ಅವಳು ತಿರುಗಿ ನಿಂತಳು.

“ಮೂರನೇ ಮಹಡಿ, ಎಡಗಡೆ. ಬೆಲ್ ಕೆಟ್ಟಿದೆ. ಜೋರಾಗಿ ತಟ್ಟಿ.”