ಗಾರೆಯ ಬೆಲ್ಲ

ಗೋಡೆಗೆ ಇರುವೆ ಹತ್ತಿದ ದಿನ ರುದ್ರೇಶ ಮೇಸ್ತ್ರಿಯ ಮಾನ ಅರ್ಧ ಹೋಯಿತು. ಉಳಿದರ್ಧಕ್ಕೆ ಸೋಮವಾರದವರೆಗೆ ಗಡುವಿತ್ತು.

ಶಿವಮೊಗ್ಗದಿಂದ ಹೊಳಲೂರಿಗೆ ಹೋಗುವ ದಾರಿಯಲ್ಲಿ, ತುಂಗೆಯ ಕಡೆಗೆ ಇಳಿಯುವ ಸೈಟಿನಲ್ಲಿ, ನಿವೃತ್ತ ಲೆಕ್ಚರರ್ ವಿಷ್ಣುಪ್ರಸಾದರು ಮಣ್ಣಿನ ಬ್ಲಾಕುಗಳ ಮನೆ ಕಟ್ಟಿಸುತ್ತಿದ್ದರು. ಒಳಗೋಡೆಗೆಲ್ಲ ಸಿಮೆಂಟ್ ಬೇಡ, ಹಳೇ ಕಾಲದ ಸುಣ್ಣದ ಗಾರೆಯೇ ಬೇಕು ಎಂಬುದು ಅವರ ಆಸೆ. ಮೊದಲು ಒಂದು ಮಾದರಿ ಗೋಡೆಗೆ ಗಾರೆ ಬಳಿದು ತೋರಿಸಿ ಎಂದರು. ರುದ್ರೇಶ ಬಳಿದ. ಹತ್ತು ದಿನವಾದರೂ ಅದು ಗಟ್ಟಿಯಾಗಲಿಲ್ಲ. ಹೆಬ್ಬೆರಳು ಒತ್ತಿದರೆ ಒಳಗೆ ಇಳಿಯುತ್ತಿತ್ತು. ಹನ್ನೊಂದನೆಯ ದಿನ ಕೆಂಪಿರುವೆಗಳು ಸಾಲುಗಟ್ಟಿ ಬಂದವು.

"ಇದು ಗೋಡೇನೋ ಕಜ್ಜಾಯಾನೋ ರುದ್ರೇಶಪ್ಪ?" ಎಂದು ವಿಷ್ಣುಪ್ರಸಾದರ ಹೆಂಡತಿ ಶ್ರೀಗೌರಿ ನಕ್ಕರು. ವಿಷ್ಣುಪ್ರಸಾದರು ನಗಲಿಲ್ಲ. ಸೋಮವಾರ ಬಂದು ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಕೆರೆದು ಸಿಮೆಂಟ್ ಹಾಕಿಸಿಬಿಡೋಣ ಎಂದು ಹೇಳಿ ಕಾರು ಹತ್ತಿದರು.

ಈಗಿನ ಮಾರ್ಕೆಟ್ಟೇ ಹಾಗೆ. ಮೂವತ್ತು ವರ್ಷ ಸುಣ್ಣ ಎಂದರೆ ಮೂಗು ಮುರಿದವರು, ಎಷ್ಟು ಮೂಟೆ ಸಿಮೆಂಟ್ ಹಾಕುತ್ತೀಯ ಎಂದು ಕೇಳಿಯೇ ಮೇಸ್ತ್ರಿಯ ಯೋಗ್ಯತೆ ಅಳೆದವರು, ಈಗ ಮೊಬೈಲಿನಲ್ಲಿ ಮಣ್ಣಿನ ಗೋಡೆಯ ಫೋಟೋ ಹಿಡಿದುಕೊಂಡು ಬರುತ್ತಾರೆ. ಮನೆ ಉಸಿರಾಡಬೇಕಂತೆ. ಎಸಿ ಬೇಡವಂತೆ. ಕೆಡವಿದ ಮನೆಯ ಹೆಂಚಿಗೆ ಹೊಸ ಹೆಂಚಿಗಿಂತ ಹೆಚ್ಚು ರೇಟು. ಸುಣ್ಣವೂ ಈಗ ಡಬ್ಬದಲ್ಲಿ ಬರುತ್ತದೆ, ಡಬ್ಬದ ಮೇಲೆ ಹಸಿರು ಎಲೆಯ ಚಿತ್ರ ಬೇರೆ. ಇದನ್ನೆಲ್ಲ ನೋಡಿ ರುದ್ರೇಶನಿಗೆ ನಗು ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಇದೇ ಊರು ಅವನ ಅಪ್ಪ ಧರ್ಮಪ್ಪನಿಗೆ ಕೊನೆಗಾಲದಲ್ಲಿ ಒಂದು ಗೋಡೆಯ ಕೆಲಸವನ್ನೂ ಕೊಟ್ಟಿರಲಿಲ್ಲ.

ಆದ್ದರಿಂದಲೇ ಈ ಮನೆಯ ಆರ್ಕಿಟೆಕ್ಟ್ ರಶ್ಮಿ ಶಿವಮೊಗ್ಗದ ಆಫೀಸಿಗೆ ಕರೆಸಿ "ಸುಣ್ಣದ ಕೆಲಸ ಬರುತ್ತಾ ರುದ್ರೇಶಣ್ಣ?" ಎಂದು ಕೇಳಿದಾಗ ಅವನ ಎದೆ ಉಬ್ಬಿತ್ತು. "ನಮ್ಮಪ್ಪ ಗಾರೆ ಧರ್ಮಪ್ಪ ಮೇಡಂ. ಅವರ ಹದ ನನಗೆ ಬಾಯಿಪಾಠ" ಎಂದಿದ್ದ. ನಿಜ ಹೇಳಬೇಕೆಂದರೆ, ಅವನು ಕರಣೆ ಹಿಡಿಯುವ ಹೊತ್ತಿಗೆ ಸಿಮೆಂಟ್ ಧಾರಾಳವಾಗಿ ಸಿಗುತ್ತಿತ್ತು. ಸುಣ್ಣದ ಗಾರೆಯನ್ನು ಅವನು ನೋಡಿದ್ದ, ಮಾಡಿರಲಿಲ್ಲ.

ಆದರೆ ಬೆಲ್ಲದ ವಿಷಯದಲ್ಲಿ ಮಾತ್ರ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗಾರೆಗೆ ಅಳಲೆಕಾಯಿ ಮತ್ತು ಬೆಲ್ಲ ನೆನೆಹಾಕಿದ ನೀರು ಬೆರೆಸುತ್ತಿದ್ದರು. ಒಂದು ತೊಟ್ಟಿ ಗಾರೆಗೆ ಒಂದು ಅಚ್ಚು ಬೆಲ್ಲ. ತಂದವನು ತಾನೇ ಅಲ್ಲವೇ? ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಆ ಕಾಲದಲ್ಲಿ, ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮನೆ ಮಾಲೀಕರ ಹೆಸರು ಹೇಳಿ, ತನ್ನ ತಲೆಯಷ್ಟು ದಪ್ಪದ ಕಪ್ಪು ಬೆಲ್ಲದ ಅಚ್ಚನ್ನು ಟವೆಲಿನಲ್ಲಿ ಕಟ್ಟಿ ಹೊತ್ತು ತರುತ್ತಿದ್ದ. ದಾರಿಯುದ್ದಕ್ಕೂ ಬೆಲ್ಲದ ವಾಸನೆಗೆ ಬಾಯಲ್ಲಿ ನೀರು. ಒಮ್ಮೆಯೂ ಅವನು ಚೂರು ಮುರಿದು ತಿನ್ನಲಿಲ್ಲ.

ತಿನ್ನದಿದ್ದುದಕ್ಕೆ ಕಾರಣವಿತ್ತು. ದುರ್ಗಿಗುಡಿಯ ಒಂದು ಮನೆಯಲ್ಲಿ ಮಾಲೀಕರು ಎಲ್ಲರ ಎದುರಿಗೆ ಅಪ್ಪನನ್ನು ನಿಲ್ಲಿಸಿ, "ದಿನಾ ಒಂದು ಅಚ್ಚು ತರಿಸ್ತೀಯಲ್ಲ, ಬೆಲ್ಲ ಎಲ್ಲಿಗೆ ಹೋಗುತ್ತೆ ಧರ್ಮಪ್ಪ?" ಎಂದು ಕೇಳಿದ್ದರು. ಅಪ್ಪ ತಲೆ ತಗ್ಗಿಸಿ ಕಾಲ ಹೆಬ್ಬೆರಳಿನಲ್ಲಿ ಮಣ್ಣು ಕೆರೆಯುತ್ತ ನಿಂತಿದ್ದ. ಅದನ್ನು ನೋಡಿದ ಒಂಬತ್ತು ವರ್ಷದ ರುದ್ರೇಶನ ಕಣ್ಣಲ್ಲಿ ನೀರು ಬಂದಿತ್ತು. ಗೋಡೆಗೇ ಹೋಗುತ್ತೆ ಎಂದು ಅಪ್ಪ ಯಾಕೆ ಕೂಗಿ ಹೇಳಲಿಲ್ಲ ಎಂಬ ಸಂಕಟ ಐವತ್ತು ವರ್ಷವಾದರೂ ಅವನನ್ನು ಬಿಟ್ಟಿರಲಿಲ್ಲ.

ಹಾಗಾಗಿ, "ಬೆಲ್ಲ ಜಾಸ್ತಿ ಆಯ್ತೇನೋ, ಸಕ್ಕರೆ ಅಂಶ ಹೆಚ್ಚಾದ್ರೆ ಗಾರೆ ಸೆಟ್ ಆಗಲ್ಲ ಅಂತಾರೆ" ಎಂದು ರಶ್ಮಿ ಮೆಲ್ಲಗೆ ಹೇಳಿದಾಗ ಅವನಿಗೆ ಚುರ್ರೆಂದಿತು.

"ಅಪ್ಪನ ಲೆಕ್ಕ ಮೇಡಂ. ಒಂದು ಚೂರೂ ಕಮ್ಮಿ ಮಾಡಲ್ಲ."

"ನಿಮ್ಮಪ್ಪನ್ನ ತಪ್ಪು ಅಂತಿಲ್ಲ ರುದ್ರೇಶಣ್ಣ. ಆದ್ರೆ ಗೋಡೆ ನಿಮ್ಮ ಮಾತು ಕೇಳ್ತಿಲ್ವಲ್ಲ."

ಅವತ್ತು ಭದ್ರಾವತಿಯ ಜನ್ನಾಪುರದ ಮನೆಗೆ ಬಂದವನು ಕಾಫಿಯನ್ನೂ ಕುಡಿಯದೆ ಕೂತ. ಅಪ್ಪನ ಕಾಲದ ಮೇಸ್ತ್ರಿಗಳನ್ನು ಒಬ್ಬೊಬ್ಬರಾಗಿ ನೆನೆದ. ಒಬ್ಬರೂ ಉಳಿದಿರಲಿಲ್ಲ. ಹೆಂಡತಿ ಉಮಾಮಹೇಶ್ವರಿ ಅಕ್ಕಿ ಆರಿಸುತ್ತಲೇ ಕೇಳಿದಳು: "ಹಾಲಮ್ಮನ್ನ ಕೇಳಿದ್ರಾ?"

"ಅವಳು ಮೇಸ್ತ್ರಿ ಅಲ್ವಲ್ಲ."

"ಗಾರೆ ಕಲಸ್ತಿದ್ದವರು ಮೇಸ್ತ್ರಿಗಳೇನ್ರಿ? ಹೆಂಗಸರು."

ಅಪ್ಪನ ಕೈಕೆಳಗೆ ಗಾರೆ ಕಲಸುತ್ತಿದ್ದ ಹಾಲಮ್ಮ ಎರಡು ಓಣಿ ಆಚೆ, ಮೊಮ್ಮಗಳ ಮನೆಯಲ್ಲಿದ್ದಳು. ರುದ್ರೇಶ ದಿನವೂ ಅವಳ ಮುಂದೆಯೇ ಬೈಕಿನಲ್ಲಿ ಹೋಗಿಬರುತ್ತಿದ್ದ. ಊಟ ಆಯ್ತಾ ಎಂದು ಕೇಳುತ್ತಿದ್ದನೇ ಹೊರತು, ಈ ಮುದುಕಿಗೆ ಕೇಳಬೇಕಾದ್ದು ಇನ್ನೇನೋ ಇದೆ ಎಂದು ಹೊಳೆದಿರಲಿಲ್ಲ. ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತು ಅವನ ಕಥೆಯನ್ನೆಲ್ಲ ಕೇಳಿದಳು. ಇರುವೆಯ ಸುದ್ದಿ ಬಂದಾಗ ಬೊಚ್ಚುಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಪೂರ್ತಿ ಅಚ್ಚು ಹಾಕಿದ್ಯೇನೋ ಮಾರಾಯ! ಒಂದು ತೊಟ್ಟೀಗೆ?"

"ಅಪ್ಪ ಹಾಕ್ತಿದ್ದಿದ್ದೇ ಅಷ್ಟಲ್ವಾ ಹಾಲಕ್ಕ?"

"ತರಿಸ್ತಿದ್ದಿದ್ದು ಅಷ್ಟು. ಗಾರೆಗೆ ಹಾಕ್ತಿದ್ದಿದ್ದು ಒಂದು ಮುಷ್ಟಿ."

ರುದ್ರೇಶನಿಗೆ ಮೊದಲು ಅರ್ಥವಾಗಲಿಲ್ಲ. "ಉಳಿದಿದ್ದು?"

"ನಮ್ಮ ಮಕ್ಕಳಿಗೆ ಕಣೋ. ಬೇವಿನ ಮರಕ್ಕೆ ಜೋಲಿ ಕಟ್ಟಿ ಮಲಗಿಸ್ತಿದ್ವಲ್ಲ, ಅವಕ್ಕೆ. ಬೆಳಿಗ್ಗೆ ತಂಗಳು ತಿಂದು ಬಂದವು ಮಧ್ಯಾಹ್ನಕ್ಕೆ ಹಸ್ಕೊಂಡು ಅಳೋವು. ನಿಮ್ಮಪ್ಪ ಅಚ್ಚು ಒಡೆದು, ಒಂದು ಮುಷ್ಟಿ ಗಾರೆ ನೀರಿಗೆ ಹಾಕಿ, ಉಳಿದಿದ್ದನ್ನ ನನ್ನ ಸೆರಗಿಗೆ ಸುರೀತಿದ್ದ. ಎಲ್ಲರಿಗೂ ಹಂಚು ಹಾಲಮ್ಮ ಅಂತಿದ್ದ."

"ನಾನು ನೋಡೇ ಇಲ್ವಲ್ಲ!"

"ನಿನ್ನ ನೀರು ತರೋಕೆ ಕಳಿಸಿಬಿಡ್ತಿದ್ದ. ಮಾಲೀಕರು ಕೇಳಿದ್ರೆ ಹುಡುಗ ಸುಳ್ಳು ಹೇಳಬೇಕಾಗುತ್ತೆ, ಮಗನ ಬಾಯಲ್ಲಿ ಸುಳ್ಳು ಬರಬಾರದು ಅಂತಿದ್ದ."

ರುದ್ರೇಶನಿಗೆ ದುರ್ಗಿಗುಡಿಯ ಆ ದಿನ ನೆನಪಾಯಿತು. ಅಪ್ಪ ತಲೆ ತಗ್ಗಿಸಿದ್ದು ಅವಮಾನಕ್ಕಲ್ಲ, ಸುಳ್ಳು ಹೇಳಲಾರದೆ. ನಿಜ ಹೇಳಿದ್ದರೆ ಮರುದಿನದಿಂದ ಮಕ್ಕಳಿಗೆ ಬೆಲ್ಲವಿಲ್ಲ.

"ಹಾಗಾದ್ರೆ ಅಪ್ಪ ಕದ್ದಿದ್ದು ನಿಜ" ಎಂದ.

"ಕದ್ದ ಕಣೋ. ತನಗೆ ಅಂತ ಒಂದು ಚೂರೂ ಇಟ್ಕೊಳ್ಳಲಿಲ್ಲ. ನಿನಗೂ ಕೊಡಲಿಲ್ಲ ನೋಡು" ಎಂದು ಹಾಲಮ್ಮ ಅವನ ಮೊಣಕಾಲು ತಟ್ಟಿದಳು. ರುದ್ರೇಶ ಟವೆಲಿನಲ್ಲಿ ಮುಖ ಒರೆಸಿಕೊಂಡ. ಅಪ್ಪ ಸತ್ತಾಗಲೂ ಅವನು ಇಷ್ಟು ಅತ್ತಿರಲಿಲ್ಲ.

ಮರುದಿನ ಅವನೇ ಗೋಡೆ ಕೆರೆದ. ವಿಷ್ಣುಪ್ರಸಾದರಿಗೆ ಫೋನು ಮಾಡಿ, ತಪ್ಪು ತನ್ನದೇ, ಇನ್ನು ಹದಿನೈದು ದಿನ ಕೊಡಿ ಎಂದು ಕೇಳಿಕೊಂಡ. ಹಾಲಮ್ಮನನ್ನು ಆಟೋದಲ್ಲಿ ಕರೆತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ. ಅವಳು ಗಾರೆಯನ್ನು ಮುಟ್ಟಲೂ ಇಲ್ಲ. ಕಲಸುವ ಸದ್ದನ್ನು ಕೇಳಿಕೊಂಡೇ "ಇನ್ನೂ ಅರೀರಿ", "ನೀರು ಸಾಕು", "ಈಗ ಬಂತು ಹದ" ಎನ್ನುತ್ತಿದ್ದಳು. ರಶ್ಮಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು.

ಹದಿನೈದನೆಯ ದಿನ ವಿಷ್ಣುಪ್ರಸಾದರು ಹೆಬ್ಬೆರಳು ಒತ್ತಿದರು. ಇಳಿಯಲಿಲ್ಲ. ಉಗುರಿನಿಂದ ಗೀರಿದರು. ಗೀರು ಬೀಳಲಿಲ್ಲ. ಶ್ರೀಗೌರಿ ಅಂಗೈಯಿಂದ ಗೋಡೆ ಸವರಿ, "ನಮ್ಮ ತವರುಮನೆ ಗೋಡೆ ಹೀಗೇ ತಣ್ಣಗಿತ್ತು" ಎಂದು ಅಲ್ಲೇ ಕೆನ್ನೆ ಒರಗಿಸಿದರು.

"ಇನ್ನೂ ನಾಲ್ಕು ಮನೆಯವರು ಇದೇ ಗಾರೆ ಕೇಳ್ತಿದ್ದಾರೆ" ಎಂದಳು ರಶ್ಮಿ. "ತೊಟ್ಟಿಗೆ ಎಷ್ಟು ಬೆಲ್ಲ ಅಂತ ಬರ್ಕೊಳ್ಳಲಿ ರುದ್ರೇಶಣ್ಣ?"

ರುದ್ರೇಶ ಆಚೆ ನೋಡಿದ. ಮರಳಿನ ಗುಡ್ಡೆಯ ನೆರಳಲ್ಲಿ ಕೆಲಸದ ಹೆಂಗಸರ ಮೂರು ಮಕ್ಕಳು ಒಡೆದ ಹೆಂಚಿನ ಚೂರುಗಳನ್ನು ಜೋಡಿಸಿ ಮನೆ ಕಟ್ಟುತ್ತಿದ್ದವು.

"ಗಾರೆಗೆ ಒಂದು ಮುಷ್ಟಿ. ತರಿಸೋದು ಒಂದು ಅಚ್ಚು."

ವಿಷ್ಣುಪ್ರಸಾದರು ಕನ್ನಡಕ ಸರಿಮಾಡಿಕೊಂಡರು. ಅವರ ದನಿಯಲ್ಲಿ ಅನುಮಾನವಿರಲಿಲ್ಲ, ಬರೀ ಕುತೂಹಲವಿತ್ತು. "ಅಲ್ಲಪ್ಪ, ಮತ್ತೆ ಉಳಿದ ಬೆಲ್ಲ ಎಲ್ಲಿಗೆ ಹೋಗುತ್ತೆ?"

ಆ ಮಾತು ಕಿವಿಗೆ ಬಿದ್ದದ್ದೇ ರುದ್ರೇಶನ ಕತ್ತು ತಾನಾಗಿ ತಗ್ಗಿತು. ಚಪ್ಪಲಿಯೊಳಗೆ ಹೆಬ್ಬೆರಳು ಅಲುಗಿತು. ಒಂದು ಗಳಿಗೆ ಅಷ್ಟೇ. ಆಮೇಲೆ ಅವನು ತಲೆಯೆತ್ತಿ, ಆಚೆ ಕುರ್ಚಿಯಲ್ಲಿ ಕೂತಿದ್ದ ಹಾಲಮ್ಮನಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದ:

"ಕೆಲಸದವರ ಮಕ್ಕಳ ಬಾಯಿಗೆ ಸರ್. ನಮ್ಮಪ್ಪನ ಕಾಲದಿಂದಲೂ ಹಾಗೇ."